ಥರ್ಟಿ-ಫಾರ್ಟಿ ಸೈಟಿನಲ್ಲಿ ತಂಪು ಮನೆ

ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಸಣ್ಣ ಮನೆ ಕಟ್ಟಲು ಹುಬ್ಬಳ್ಳಿ-ಧಾರವಾಡದ ಹವೆ ಬಹುಮಟ್ಟಿಗೆ ಅನುಕೂಲವಾಗಿಯೇ ಇದೆ. ಸಮುದ್ರಮಟ್ಟದಿಂದ 650-750 ಮೀಟರ್ ಎತ್ತರದ ಊರುಗಳು ಇವು. ಏಪ್ರಿಲ್‌ನಲ್ಲಿ ಹಗಲು 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದರೂ ರಾತ್ರಿ 21-22ಕ್ಕೆ ಇಳಿಯುತ್ತದೆ. ಜೂನ್ ಬಂತೆಂದರೆ ಪಡುವಣ ಗಾಳಿ, ಜಿಟಿಜಿಟಿ ಮಳೆ. ಚಳಿಗಾಲದಲ್ಲಿ ಕಂಬಳಿ ಸಾಕು. ಮನೆಯವರನ್ನು ನಿಜಕ್ಕೂ ಕಾಡುವುದು ಮಾರ್ಚ್ ನಡುವಿನಿಂದ ಮೇ ಕೊನೆಯವರೆಗಿನ ಹನ್ನೊಂದು ವಾರ. ಇಷ್ಟನ್ನು ಎ.ಸಿ. ಇಲ್ಲದೆ ದಾಟಿಸಬಲ್ಲ ಮನೆ ಉಳಿದ ವರ್ಷವನ್ನು ಸಲೀಸಾಗಿ ನಿಭಾಯಿಸುತ್ತದೆ. ಅದಕ್ಕೆ ಬೇಕಾದ ನಿರ್ಧಾರಗಳಲ್ಲಿ ಹೆಚ್ಚಿನವು ನಕ್ಷೆ ಬರೆಯುವಾಗಲೇ ಆಗುವಂಥವು. ವೈರಿಂಗ್‌ನವರು ಬರುವ ಹೊತ್ತಿಗೆ ಮುಂದಿನ ಐವತ್ತು ವರ್ಷದ ಕರೆಂಟ್ ಬಿಲ್ಲಿನ ಮುಕ್ಕಾಲು ಪಾಲು ತೀರ್ಮಾನವಾಗಿ ಹೋಗಿರುತ್ತದೆ.

ಎರಡೂ ಊರಿಗೆ ಬಹುಕಾಲ ಮಹಾನಗರ ಪಾಲಿಕೆ ಒಂದೇ ಇತ್ತು, ನಡುವಿನ ದೂರ ಸುಮಾರು 20 ಕಿಲೋಮೀಟರ್. ಆದರೂ ಎರಡಕ್ಕೂ ಒಂದೇ ನಕ್ಷೆ ಹೊಂದುವುದಿಲ್ಲ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಹುಬ್ಬಳ್ಳಿ ದಾಟಿದರೆ ಬೆಳವಲ ಶುರು. ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 770 ಮಿಲಿಮೀಟರ್. ಕಲಘಟಗಿ ಕಡೆ ಅದಕ್ಕಿಂತ ಹೆಚ್ಚು, ನವಲಗುಂದದ ಕಡೆ ಹೋದಷ್ಟೂ ಕಡಿಮೆ. ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ಪೂರ್ವಕ್ಕೆ ಎರೆ ಭೂಮಿ.

ಹಳೆಯ ಮನೆಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತವೆ. ನವಲಗುಂದ, ಅಣ್ಣಿಗೇರಿ ಕಡೆಯವು ಮಾಳಗಿ ಮನೆಗಳು: ಎರಡಡಿಗೂ ದಪ್ಪನೆಯ ಗೋಡೆ, ತೊಲೆ-ಜಂತಿಗಳ ಮೇಲೆ ಹಲಗೆ, ಅದರ ಮೇಲೆ ನೀರು ಸುಲಭವಾಗಿ ಇಳಿಯಗೊಡದ ಸವಳು ಮಣ್ಣಿನ ದಪ್ಪ ಪದರ, ನಡುಮನೆಗೆ ಬೆಳಕು ಬಿಡಲು ಮಾಳಗಿಯಲ್ಲೊಂದು ಬೆಳಕಿಂಡಿ. ಮಧ್ಯಾಹ್ನದ ಬಿಸಿಲಿನ ಕಾವು ಇಷ್ಟು ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ. ಆಗ ಜನ ಮಾಳಗಿಯ ಮೇಲೆಯೇ ಮಲಗಿರುತ್ತಿದ್ದರು. ಮಳೆ ಹೆಚ್ಚಿರುವ ಕಲಘಟಗಿ, ಅಳ್ನಾವರ ಕಡೆ ಮಣ್ಣಿನ ಮಾಳಗಿ ತಾಳದು, ಅಲ್ಲಿ ಇಳಿಜಾರು ಹೆಂಚಿನ ಮನೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಹೆಂಚಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಮಾಳಗಿ ಮನೆಯನ್ನು ಸ್ವರ್ಗವೆಂದು ಹೊಗಳುವವರು ಅದರ ಕತ್ತಲೆಯನ್ನೂ, ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮೇಲೆ ಮಣ್ಣು ಹಾಕಿ ತುಳಿಯುವ ಕೆಲಸವನ್ನೂ ಮರೆತಿರುತ್ತಾರೆ. ಅದನ್ನು ಹಾಗೇ ಮತ್ತೆ ಕಟ್ಟುವುದು ಇಂದು ಆಗದ ಮಾತು. ಅದರ ಉಷ್ಣಶಾಸ್ತ್ರವನ್ನು ಮಾತ್ರ ಬಳಸಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ಬರುವುದು ಅಳತೆಯ ಪ್ರಶ್ನೆ. ಸಾಧಾರಣ ಕಾಂಕ್ರೀಟ್ ಮನೆಗೆ ಚದರಡಿಗೆ ಸುಮಾರು 0.4 ಚೀಲ ಸಿಮೆಂಟು, 4 ಕಿಲೋ ಉಕ್ಕು ಬೇಕೆಂಬುದು ಎಂಜಿನಿಯರುಗಳ ಬಾಯಿಲೆಕ್ಕ. 1,200 ಚದರಡಿಯ ಬದಲು 800 ಚದರಡಿ ಸಾಕೆಂದರೆ 160 ಚೀಲ, ಅಂದರೆ 8 ಟನ್ ಸಿಮೆಂಟೂ 1.6 ಟನ್ ಉಕ್ಕೂ ಉಳಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಕಿಲೋ ಸಿಮೆಂಟಿನ ತಯಾರಿಕೆಗೆ 5.85 ಮೆಗಾಜೂಲ್, ಕಿಲೋ ಉಕ್ಕಿಗೆ 42 ಮೆಗಾಜೂಲ್ ಶಕ್ತಿ ತಗಲುತ್ತದೆ. ಉಳಿದದ್ದನ್ನೆಲ್ಲ ಕೂಡಿಸಿದರೆ ಸುಮಾರು 1,14,000 ಮೆಗಾಜೂಲ್. ಅಷ್ಟು ಶಾಖದಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದು ಹತ್ತು ಸಾವಿರ ಯೂನಿಟ್ ವಿದ್ಯುತ್ ತಯಾರಿಸಬಹುದು. ತಿಂಗಳಿಗೆ 70 ಯೂನಿಟ್ ಬಳಸುವ ಕುಟುಂಬಕ್ಕೆ ಅದು ಹನ್ನೆರಡು ವರ್ಷಕ್ಕೆ ಬರುತ್ತದೆ. ಇಂದಿನ ಕಾರ್ಖಾನೆಗಳು ಶಕ್ತಿಯನ್ನು ಇನ್ನಷ್ಟು ಮಿತವಾಗಿ ಬಳಸುತ್ತವೆಂದು ಲೆಕ್ಕವನ್ನು ಇಳಿಸಿದರೂ ಎಂಟು ವರ್ಷಕ್ಕೆ ಮೋಸವಿಲ್ಲ. ವರ್ಷಕ್ಕೆರಡು ಸಲ ನೆಂಟರು ಬಂದಾಗಷ್ಟೇ ತೆರೆಯುವ ಗೆಸ್ಟ್ ರೂಮಿಗೆ ಇದು ದುಬಾರಿ ಬೆಲೆಯೇ. ಪಡಸಾಲಿಯಲ್ಲಿ ಹಾಸಿಗೆ ಬಿಡಿಸಿ ನೆಂಟರನ್ನು ಮಲಗಿಸುವ ರೂಢಿ ಈ ಲೆಕ್ಕದಲ್ಲಿ ಪಾಸಾಗುತ್ತದೆ.

ಇನ್ನು ಸೂರ್ಯ. ಅವಳಿ ನಗರ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ 21ಕ್ಕೆ ಸುಮಾರು 75 ಡಿಗ್ರಿಗೆ ಏರುತ್ತಾನೆ. ಮೇ ಮೊದಲ ವಾರದಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ ಎರಡಡಿ ಛಜ್ಜಾ ಇಟ್ಟರೆ ಮಾರ್ಚ್ 21ರ ನಡುಹಗಲಿಗೆ ಅದರ ನೆರಳು ಏಳಡಿ ಕೆಳಗಿನವರೆಗೆ ಬೀಳುತ್ತದೆ, ಕಿಟಕಿ ಪೂರ್ತಿ ನೆರಳಿನಲ್ಲಿ. ಡಿಸೆಂಬರ್‌ನಲ್ಲಿ ಅದೇ ಛಜ್ಜಾದ ನೆರಳು ಎರಡೂವರೆ ಅಡಿಯಷ್ಟೇ. ಕಿಟಕಿಯ ಕೆಳಭಾಗದಿಂದ ಎಳೆಬಿಸಿಲು ಒಳಗೆ ಬರುತ್ತದೆ. ಬೇಕಾದ್ದೂ ಅದೇ. ಹೀಗಾಗಿ ಇಲ್ಲಿ ದಕ್ಷಿಣದ ಗೋಡೆ ತೊಂದರೆ ಕೊಡದ ಗೋಡೆ, ಉತ್ತರದ್ದು ಇನ್ನೂ ಸಾಧು.

ಪಶ್ಚಿಮದ ಗೋಡೆ ಹಾಗಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಹುಬ್ಬಳ್ಳಿ 75 ಡಿಗ್ರಿಯ ಬಳಿ ಇರುವುದರಿಂದ ಇಲ್ಲಿ ನಿಜವಾದ ನಡುಹಗಲು ಸುಮಾರು ಹನ್ನೆರಡೂವರೆಗೆ. ಮಧ್ಯಾಹ್ನದ ಬಿಸಿಲು ಗಡಿಯಾರದ ಲೆಕ್ಕದಲ್ಲಿ ಅಷ್ಟು ತಡವಾಗಿ ಇಳಿಯುತ್ತದೆ. ಏಪ್ರಿಲ್ ನಡುವಿನ ಸಂಜೆ ಐದಕ್ಕೆ ಸೂರ್ಯ ಇನ್ನೂ 24 ಡಿಗ್ರಿ ಮೇಲಿರುತ್ತಾನೆ, ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ. ಆಗ ಎರಡಡಿ ಛಜ್ಜಾ ಕೊಡುವ ನೆರಳು ಒಂದಡಿಗೂ ಕಡಿಮೆ. ಛಜ್ಜಾವನ್ನು ನಾಲ್ಕಡಿಗೆ ಚಾಚಿದರೂ ಅರ್ಧ ಕಿಟಕಿ ಬಿಸಿಲಿನಲ್ಲೇ ಇರುತ್ತದೆ. ಇದು ಸಾಲದೆಂಬಂತೆ ಮುಂಗಾರು ಮಳೆಯ ಇರಚಲು ಹೊಡೆಯುವುದೂ ಪಶ್ಚಿಮದಿಂದಲೇ. ಹಾಗೆಂದು ಆ ಗೋಡೆಯನ್ನು ಮುಚ್ಚಿಬಿಡುವಂತಿಲ್ಲ, ಬೇಸಿಗೆಯ ಸಂಜೆ ಬೇಕಾದ ತಂಗಾಳಿ ಬೀಸುವುದೂ ಆ ದಿಕ್ಕಿನಿಂದ. ಇಲ್ಲಿನ ಮನೆಯ ವಿನ್ಯಾಸದಲ್ಲಿ ಕಗ್ಗಂಟಿನ ದಿಕ್ಕು ಇದೊಂದೇ.

ಕಗ್ಗಂಟು ಬಿಡಿಸುವ ದಾರಿ ಸೈಟಿನ ಮುಖದ ಮೇಲೆ ನಿಂತಿದೆ. 30 ಅಡಿ ಅಗಲ, 40 ಅಡಿ ಉದ್ದದ ಸೈಟಿನಲ್ಲಿ ರಸ್ತೆಗೆ ತಾಗುವುದು 30 ಅಡಿಯ ಬದಿ. ರಸ್ತೆ ಪೂರ್ವಕ್ಕಿದ್ದರೆ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಬರುತ್ತವೆ, ಹಿಂದಿನ ಪಶ್ಚಿಮಕ್ಕೆ ನೆರೆಮನೆಯ ಮರೆ ಸಿಗುತ್ತದೆ. ಎಲ್ಲರೂ ಪೂರ್ವಮುಖದ ಸೈಟು ಹುಡುಕುವುದು ವಾಸ್ತುವಿನ ಕಾರಣಕ್ಕೆ, ಆದರೆ ಈ ಅಕ್ಷಾಂಶದಲ್ಲಿ ಉಷ್ಣಶಾಸ್ತ್ರವೂ ಅದಕ್ಕೆ ತಲೆದೂಗುತ್ತದೆ. ಅಡುಗೆಮನೆಯನ್ನು ಆಗ್ನೇಯಕ್ಕೆ ಇಡುವುದೂ ಅಂಥದ್ದೇ: ಪಡುವಣ ಗಾಳಿ ಬೀಸುವ ಊರಿನಲ್ಲಿ ಒಲೆಯ ಕಾವು, ಒಗ್ಗರಣೆಯ ಘಾಟು ಮನೆಯೊಳಗೆ ತಿರುಗದೆ ಹೊರಕ್ಕೆ ಹೋಗುತ್ತವೆ. ವಾಸ್ತುವಿನ ಉಳಿದ ಸೂತ್ರಗಳಿಗೆಲ್ಲ ಈ ಸಮರ್ಥನೆ ಸಿಗುವುದಿಲ್ಲ. ರಸ್ತೆ ಪಶ್ಚಿಮಕ್ಕಿದ್ದರೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಗಳನ್ನು ಆ ಬದಿಗೆ ಸಾಲಾಗಿಟ್ಟು ಬಿಸಿಲಿಗೆ ಅಡ್ಡ ಮಾಡಬೇಕು. ನಡುವೆ ಪಡಸಾಲಿಗೆ ಜಾಳಿಗೆ ಇಟ್ಟಂಗಿಯ ಗೋಡೆ ಇಟ್ಟರೆ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಬೇವು, ಹೊಂಗೆಯ ಮರದ ನೆರಳು ಎಲ್ಲಕ್ಕಿಂತ ಒಳ್ಳೆಯದು, ಆದರೆ ಎರೆ ಭೂಮಿಯಲ್ಲಿ ಪಾಯದ ಪಕ್ಕಕ್ಕೇ ಮರ ನೆಡಬಾರದು. ಬೇರು ನೀರು ಹೀರಿದಂತೆ ಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. ಸಣ್ಣ ಸೈಟಿಗೆ ಗೋಡೆಯಿಂದ ಒಂದಡಿ ಬಿಟ್ಟು ಕಟ್ಟಿದ ತಂತಿಯ ಮೇಲೆ ಹಬ್ಬುವ ಮಲ್ಲಿಗೆ, ತೊಂಡೆ ಬಳ್ಳಿ ಸಾಕು.

ಒಂದೇ ಅಂತಸ್ತಿನ ಮನೆಗೆ ಬಿಸಿಲಿನ ದೊಡ್ಡ ದಾರಿ ಮಾತ್ರ ಗೋಡೆಯಲ್ಲ, ಚಾವಣಿ. ಹಗಲಿಡೀ ಆಕಾಶಕ್ಕೆ ಮುಖ ಮಾಡಿ ಮಲಗಿರುವುದು ಅದೊಂದೇ. ಏಪ್ರಿಲ್‌ನ ನಡುಹಗಲಿನಲ್ಲಿ ಚದರ ಮೀಟರಿಗೆ ಸುಮಾರು 900 ವಾಟ್ ಬಿಸಿಲು ಬೀಳುವಾಗ ಬೂದುಬಣ್ಣದ ಕಾಂಕ್ರೀಟ್ ಅದರಲ್ಲಿ ಶೇಕಡಾ 70ರಷ್ಟನ್ನು ಹೀರಿಕೊಳ್ಳುತ್ತದೆ. ಬಿಸಿಲು, ಗಾಳಿ ಎರಡನ್ನೂ ಸೇರಿಸಿ ಮಾಡುವ ಎಂಜಿನಿಯರಿಂಗ್ ಲೆಕ್ಕದಲ್ಲಿ ಗಾಳಿಯ ಉಷ್ಣತೆ 36 ಡಿಗ್ರಿ ಇರುವಾಗ ಇಂಥ ಚಾವಣಿ 63 ಡಿಗ್ರಿಯ ಗಾಳಿಗೆ ಒಡ್ಡಿಕೊಂಡಂತೆ ವರ್ತಿಸುತ್ತದೆ. ಮೇಲೆ ಬಿಳಿ ಬಳಿದರೆ ಹೀರಿಕೆ ಶೇಕಡಾ 25ಕ್ಕೆ ಇಳಿಯುತ್ತದೆ, 63ರ ಜಾಗದಲ್ಲಿ 43 ಬರುತ್ತದೆ. ಒಂದು ಡಬ್ಬಿ ಬಣ್ಣದಿಂದ ಇಪ್ಪತ್ತು ಡಿಗ್ರಿ.

ಬರಿಯ ಸ್ಲ್ಯಾಬು ಎರಡು ಬದಿಯ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಮೂರೂವರೆಯಿಂದ ನಾಲ್ಕು ವಾಟ್ ಶಾಖವನ್ನು ಒಳಗೆ ಬಿಡುತ್ತದೆ. 60 ಚದರ ಮೀಟರಿನ ಚಾವಣಿಗೆ ಗುಣಿಸಿದರೆ ನಡುಹಗಲಿಗೆ ಏಳು ಸಾವಿರ ವಾಟ್ ಹತ್ತಿರ ಬರುತ್ತದೆ: ಏಳು ಇಸ್ತ್ರಿ ಪೆಟ್ಟಿಗೆಗಳನ್ನು ಚಾಲೂ ಮಾಡಿ ಅಟ್ಟದ ಮೇಲೆ ಇಟ್ಟ ಹಾಗೆ. ನಿಜದಲ್ಲಿ ಇಷ್ಟೂ ಒಮ್ಮೆಗೇ ಇಳಿಯುವುದಿಲ್ಲ, ಸ್ಲ್ಯಾಬು ಮೊದಲು ತಾನು ಕಾಯುತ್ತದೆ, ಆಮೇಲೆ ನಾಲ್ಕೈದು ತಾಸು ಬಿಟ್ಟು ಕಾವನ್ನು ಕೆಳಗೆ ಸುರಿಯುತ್ತದೆ. ಏಪ್ರಿಲ್‌ನ ರಾತ್ರಿ ಎಂಟಕ್ಕೆ ಹೊರಗೆ ತಂಪು, ಒಳಗೆ ಫ್ಯಾನಿನಿಂದ ಬಿಸಿಗಾಳಿ ಎಂಬ ದೂರು ಹುಟ್ಟುವುದು ಇಲ್ಲಿಂದ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಚಾವಣಿಗೆ ಹಾಕಿದ ಮಿತಿ ಇದೇ ಅಳತೆಯಲ್ಲಿ 1.2 ವಾಟ್. ಆ ಸಂಹಿತೆ ಅನ್ವಯಿಸಿದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಿಗೆ. ಥರ್ಟಿ-ಫಾರ್ಟಿ ಸೈಟು 111 ಚದರ ಮೀಟರು. ನಗರದ ಬಹುಪಾಲು ಮನೆಗಳು ಕಾಯ್ದೆಯ ಹೊರಗೇ ಉಳಿದವು. ಆದರೆ ಆ ಮಿತಿ ಮುಟ್ಟುವುದು ಕಷ್ಟವೇನಲ್ಲ: ಲೆಕ್ಕ ಹಾಕಿದರೆ ಸ್ಲ್ಯಾಬಿನ ಮೇಲೆ ಒಂದಿಂಚು ಗಟ್ಟಿ ಥರ್ಮೋಕೋಲ್ ಹಾಸಿ, ಮೇಲೆ ನೀರು ಇಳಿಯದ ಗಚ್ಚು ಹಾಕಿದರೆ ಸಾಕು. ಥರ್ಮೋಕೋಲ್ ಪೆಟ್ರೋಲಿಯಂ ಉತ್ಪನ್ನವೆಂದು ಬೇಡವಾದವರು ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿ ಸಂದಿಗೆ ಸುಣ್ಣದ ಗಾರೆ ತುಂಬುವ ಹಳೆಯ ಕ್ರಮಕ್ಕೆ ಹೋಗಬಹುದು. ಭಾರ ಹೆಚ್ಚು, ತಡೆ ಸ್ವಲ್ಪ ಕಡಿಮೆ. ಬಿಳಿ ಬಣ್ಣ ಮತ್ತು ತಡೆಪದರ ಎರಡೂ ಸೇರಿದರೆ ಏಳು ಸಾವಿರ ವಾಟ್ ಎಂಟುನೂರಕ್ಕೆ ಇಳಿಯುತ್ತದೆ. ಬಿಳುಪು ಉಳಿಯಬೇಕಷ್ಟೆ. ಹುಬ್ಬಳ್ಳಿಯ ಧೂಳು ಎಂಥದ್ದೆಂದು ಅಲ್ಲಿನವರಿಗೆ ಹೇಳಬೇಕಿಲ್ಲ. ಶಿವರಾತ್ರಿಯ ಹೊತ್ತಿಗೆ ಒಮ್ಮೆ ಚಾವಣಿ ತೊಳೆಯದಿದ್ದರೆ ಬಣ್ಣದ ಅರ್ಧ ಗುಣ ಧೂಳಿನಡಿಯಲ್ಲೇ ಉಳಿಯುತ್ತದೆ. ಬಣ್ಣದ ಬದಲು ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸಿದರೆ ಪ್ರತಿ ಎರಡು-ಮೂರು ವರ್ಷಕ್ಕೆ ಬಳಿಯುವ ಕೆಲಸ ತಪ್ಪುತ್ತದೆ.

ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬು ಇನ್ನೊಂದು ದಾರಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಅಲ್ಲಿ ಎಳೆತವನ್ನು ತಾಳುವುದು ಸರಳು. ಸರಳುಗಳ ನಡುವಿನ ಜಾಗಕ್ಕೆ ಜೋಡಿ ಮಂಗಳೂರು ಹೆಂಚು ಇಟ್ಟು ಮೇಲೆ ಕಾಂಕ್ರೀಟು ಹಾಕಿದರೆ ಸಿಮೆಂಟೂ ಉಳಿಯುತ್ತದೆ, ಹೆಂಚುಗಳ ನಡುವೆ ಸಿಕ್ಕ ಗಾಳಿ ಒಂದಿಷ್ಟು ಕಾವನ್ನೂ ತಡೆಯುತ್ತದೆ. ಹಳೆ ಮನೆ ಕೆಡವಿದವರ ಹೆಂಚು ಇದಕ್ಕೆ ಧಾರಾಳವಾಗಿ ಸಿಗುತ್ತದೆ.

ಗೋಡೆಯಲ್ಲಿ ನೋಡಬೇಕಾದ್ದು ಕಾವಿಗಿಂತ ಹೆಚ್ಚಾಗಿ ಅದರ ತಯಾರಿಕೆಗೆ ಸುಟ್ಟ ಇಂಧನ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ ಒತ್ತುಮಣ್ಣಿನ ಇಟ್ಟಂಗಿಯನ್ನು ರೂಪಿಸಿತು. ಮಣ್ಣಿಗೆ ಶೇಕಡಾ 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರುಣಿಸುತ್ತಾರೆ, ಭಟ್ಟಿಯಲ್ಲಿ ಸುಡುವುದಿಲ್ಲ. 2003ರ ಅದೇ ಲೆಕ್ಕದಲ್ಲಿ ಸುಟ್ಟ ಇಟ್ಟಂಗಿಯ ಗೋಡೆಗೆ ಘನ ಮೀಟರಿಗೆ ಸುಮಾರು 2,140 ಮೆಗಾಜೂಲ್, ಒತ್ತುಮಣ್ಣಿನದಕ್ಕೆ ಸುಮಾರು 650. ಧಾರವಾಡದ ಕಡೆ ಪಾಯ ತೋಡಿದ ಮಸಾರಿ ಮಣ್ಣಿಗೆ ಉಸುಕು ಬೆರೆಸಿ ಸೈಟಿನಲ್ಲೇ ಇಟ್ಟಂಗಿ ಒತ್ತಬಹುದು. ಹುಬ್ಬಳ್ಳಿಯ ಎರೆ ಮಣ್ಣು ಈ ಕೆಲಸಕ್ಕೆ ಬಾರದು, ಸುಣ್ಣ ಬೆರೆಸಿದರೂ ಕಾಟ ಕೊಡುತ್ತದೆ. ಬೇರೆಡೆಯಿಂದ ಲಾರಿಯಲ್ಲಿ ಮಣ್ಣು ತರಿಸುವುದಾದರೆ ಉಳಿತಾಯದ ಒಂದು ಪಾಲು ಡೀಸೆಲ್ಲಿಗೆ ಹೋಗುತ್ತದೆ. ಅಂಥಲ್ಲಿ ಸುಟ್ಟ ಇಟ್ಟಂಗಿಯನ್ನೇ ಬೇಕರ್ ಬಳಸಿದ ರ್‍ಯಾಟ್-ಟ್ರ್ಯಾಪ್ ಕ್ರಮದಲ್ಲಿ ಕಟ್ಟುವುದು ಲೇಸು. ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡು ಸಾಲಿನ ನಡುವೆ ಪೊಳ್ಳು ಬಿಟ್ಟು ಏರಿಸುವ ಈ ಗೋಡೆಗೆ ಕಾಲು ಭಾಗ ಇಟ್ಟಂಗಿ ಕಡಿಮೆ ಸಾಕು, ಪೊಳ್ಳಿನ ಗಾಳಿ ಕಾವನ್ನೂ ತಡೆಯುತ್ತದೆ. ಸ್ವಿಚ್ ಬೋರ್ಡಿನ ಪೆಟ್ಟಿಗೆ, ನಲ್ಲಿಯ ಪೈಪು ಎಲ್ಲಿ ಬರಬೇಕೆಂದು ಮೊದಲೇ ಹೇಳಿ ಅಲ್ಲಲ್ಲಿ ಗಟ್ಟಿ ಕಟ್ಟಿಸಬೇಕು. ಆಮೇಲೆ ಉಳಿ ಹಿಡಿದು ಕೊರೆದರೆ ಗೋಡೆ ಪೊಳ್ಳಿಗೆ ಕುಸಿಯುತ್ತದೆ. ಗೌಂಡಿಗಳು ಈ ಕ್ರಮಕ್ಕೆ ಮೂಗು ಮುರಿಯುವುದು ಮುಖ್ಯವಾಗಿ ಇದಕ್ಕೇ. ಯಾವ ಗೋಡೆಯಾದರೂ ಪಶ್ಚಿಮದ ಹೊರಮೈಗೆ ಗಿಲಾವು ತಪ್ಪಿಸುವಂತಿಲ್ಲ.

ಎರೆ ಭೂಮಿಯ ಪಾಯದ ಬಗ್ಗೆ ಒಂದು ಮಾತು. ಆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮಳೆ-ಬಿಸಿಲಿನ ಈ ಆಟ ಮೂರು ಮೀಟರಿನ ಆಸುಪಾಸಿನವರೆಗೂ ನಡೆಯಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕಾಗಿಯೇ ಅಂಡರ್-ರೀಮ್ಡ್ ಪೈಲ್ ಎಂಬ, ಬುಡ ಉಬ್ಬಿಸಿದ ಕಾಂಕ್ರೀಟ್ ಕಂಬವನ್ನು ರೂಪಿಸಿತು. ಮಣ್ಣು ಅಲುಗದ ಆಳಕ್ಕೆ ಹೋಗಿ ಕೂರುವ ಕಂಬ ಇದು. ಎರೆ ಮಣ್ಣನ್ನೆಲ್ಲ ಅಗೆದು ಮುರಮು ತುಂಬುವುದಕ್ಕಿಂತ ಇದರಲ್ಲಿ ಸಾಗಣೆ ಕಡಿಮೆ.

ತಂಪಿನ ಮುಖ್ಯ ಯಂತ್ರ ಇರುಳಿನ ಗಾಳಿ. ಏಪ್ರಿಲ್‌ನಲ್ಲಿ ಹಗಲಿಗೂ ರಾತ್ರಿಗೂ 15 ಡಿಗ್ರಿ ಅಂತರವಿರುವ ಊರಿನಲ್ಲಿ ರಾತ್ರಿ ಕಿಟಕಿ ತೆರೆದಿಟ್ಟು ಗೋಡೆ, ಫರಸಿಗಳನ್ನು ತಣಿಸಿ, ಬೆಳಗಿನ ಎಂಟು-ಒಂಬತ್ತಕ್ಕೆ ಮುಚ್ಚಿಬಿಟ್ಟರೆ ಮಧ್ಯಾಹ್ನದವರೆಗೆ ತಂಪು ಒಳಗೇ ಉಳಿಯುತ್ತದೆ. ಶಹಾಬಾದ್ ಕಲ್ಲಿನ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ತೆರೆಯಬಹುದಾದ ಕಿಟಕಿಗಳ ವಿಸ್ತೀರ್ಣ ನೆಲದ ಎಂಟನೇ ಒಂದು ಭಾಗವಾದರೂ ಇರಬೇಕೆಂದು ಇಕೋ ನಿವಾಸ್ ಸಂಹಿತೆ ಸಮಶೀತೋಷ್ಣ ವಲಯಕ್ಕೆ ಹೇಳುತ್ತದೆ. ಸೊಳ್ಳೆ ಪರದೆಯ ಜಾಳಿಗೆ ಗಾಳಿಯ ಒಂದು ಪಾಲನ್ನು ತಿನ್ನುವುದರಿಂದ ಇನ್ನೂ ಸ್ವಲ್ಪ ದೊಡ್ಡದಿರಲಿ. ಅರ್ಧ ಭಾಗವಷ್ಟೇ ತೆರೆಯುವ ಜಾರು ಕಿಟಕಿ ಈ ಊರಿಗೆ ತಕ್ಕದ್ದಲ್ಲ. ಮೂರೂ ಕಡೆ ನೆರೆಮನೆ ಒತ್ತಿದಲ್ಲಿ ಮೆಟ್ಟಿಲ ಮೇಲಿನ ಹೆಡ್‌ರೂಮೇ ಹೊಗೆಗಿಂಡಿಯ ಕೆಲಸ ಮಾಡಬಲ್ಲದು: ಅದರ ಪೂರ್ವದ ಗೋಡೆಗೆ ಎತ್ತರದಲ್ಲಿ ವೆಂಟಿಲೇಟರ್ ಇಟ್ಟರೆ ಬಿಸಿಗಾಳಿ ಮೇಲೇರಿ ಹೊರಬಿದ್ದು, ಕೆಳಗಿನ ಕಿಟಕಿಯಿಂದ ತಣ್ಣನೆಯದು ಒಳಬರುತ್ತದೆ.

ಇಷ್ಟಾದ ಮೇಲೆ ಉಳಿಯುವ ವಿದ್ಯುತ್ ಲೆಕ್ಕ ಚಿಕ್ಕದು. ಹಳೆ ಬಗೆಯ ಫ್ಯಾನಿಗೆ 75 ವಾಟ್, ಬಿ.ಎಲ್.ಡಿ.ಸಿ. ಫ್ಯಾನಿಗೆ 30. ಮೂರು ಫ್ಯಾನು ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ 67 ಯೂನಿಟ್ ಹೋಗುವಲ್ಲಿ 27 ಸಾಕು. ಎಲ್.ಇ.ಡಿ. ದೀಪಗಳಿಗೆ ಎಂಟು, ಫ್ರಿಜ್ಜಿಗೆ ಇಪ್ಪತ್ತು, ಟಿ.ವಿ., ಮಿಕ್ಸರ್, ಮೊಬೈಲಿಗೆ ಹತ್ತು-ಹದಿನೈದು, ಒಟ್ಟು 70. ಇದನ್ನೆಲ್ಲ ಒಂದೇ ಏಟಿಗೆ ಮೀರಿಸುವುದು ಬಚ್ಚಲಿನ ಗೀಜರ್. 100 ಲೀಟರ್ ನೀರನ್ನು 22ರಿಂದ 45 ಡಿಗ್ರಿಗೆ ಕಾಯಿಸಲು 2.7 ಯೂನಿಟ್ ಬೇಕು, ತಿಂಗಳಿಗೆ 80. ಆದ್ದರಿಂದ ಮನೆಯ ಮೇಲೆ ಮೊದಲು ಬರಬೇಕಾದ್ದು ಸೋಲಾರ್ ವಾಟರ್ ಹೀಟರ್, ಆಮೇಲೆ ವಿದ್ಯುತ್ ಫಲಕ. ಬೋರ್‌ವೆಲ್ಲಿನ ಗಡಸು ನೀರು ತಾಮ್ರದ ನಳಿಕೆಗಳಲ್ಲಿ ಪದರಗಟ್ಟುವುದರಿಂದ ಅಂಥ ನೀರಿರುವಲ್ಲಿ ಗಾಜಿನ ಕೊಳವೆಯ ಹೀಟರ್ ವಾಸಿ. ಮುಕ್ಕಾಲು ಇಂಚಿನ 15 ಮೀಟರ್ ಪೈಪಿನಲ್ಲಿ ನಾಲ್ಕೂವರೆ ಲೀಟರ್ ನೀರು ನಿಂತಿರುತ್ತದೆ. ಬಿಸಿನೀರು ಬರುವ ಮೊದಲು ಅಷ್ಟೂ ಚೆಲ್ಲಬೇಕು. ಬಚ್ಚಲನ್ನು ಹೀಟರಿನ ನೇರ ಕೆಳಗೆ ಇಡುವುದು ಇದಕ್ಕೆ ಮದ್ದು.

ಒಂದು ಕಿಲೋವಾಟ್ ಸೋಲಾರ್ ಫಲಕ ಇಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 70 ಯೂನಿಟ್ಟಿನ ಮನೆಗೆ ಅದು ಬೇಕಾದಷ್ಟಾಯಿತು. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗಿನವರ ಬಿಲ್ಲನ್ನು ಸರ್ಕಾರವೇ ಕಟ್ಟುತ್ತಿರುವಾಗ ವಿದ್ಯುತ್ ಕಂಪನಿ ಹೆಸ್ಕಾಂನ ಸಣ್ಣ ಗ್ರಾಹಕನಿಗೆ ಫಲಕ ಹಾಕಿಸುವ ಹುರುಪು ಎಲ್ಲಿಂದ ಬರಬೇಕು? ಬಡ ಮನೆಗಳಿಗೆ ಆ ಯೋಜನೆ ಆಸರೆಯಾದದ್ದು ನಿಜ, ಉಳಿತಾಯಕ್ಕೆ ಅದು ಬೆಲೆ ಇಡದಿರುವುದೂ ಅಷ್ಟೇ ನಿಜ. ಚಾವಣಿಯ ತಡೆಪದರಕ್ಕಂತೂ ಇಂಥ ಯಾವ ಸಹಾಯಧನವೂ ಇಲ್ಲ.

ನೀರಿನ ಲೆಕ್ಕದಲ್ಲಿ ಅವಳಿ ನಗರಕ್ಕೆ ತನ್ನದೇ ಇತಿಹಾಸವಿದೆ. ಮಲಪ್ರಭೆಯ ನವಿಲುತೀರ್ಥ ಜಲಾಶಯ ಮತ್ತು ನೀರಸಾಗರದಿಂದ ಬರುವ ನೀರು ಹಲವು ಬಡಾವಣೆಗಳಿಗೆ ನಾಲ್ಕೈದು ದಿನಕ್ಕೊಮ್ಮೆ, ಒಮ್ಮೊಮ್ಮೆ ವಾರಕ್ಕೊಮ್ಮೆ ಬಿಡುತ್ತಿದ್ದುದರಿಂದ ಮನೆಗೊಂದು ಸಂಪು ಅನಿವಾರ್ಯವಾಯಿತು. ವಿಶ್ವ ಬ್ಯಾಂಕ್ ನೆರವಿನ 24x7 ನೀರಿನ ಪ್ರಯೋಗ 2008ರ ಸುಮಾರಿಗೆ ಕೆಲವೇ ವಲಯಗಳಲ್ಲಿ ಶುರುವಾಯಿತು. ಇದ್ದ ಸಂಪಿಗೇ ಚಾವಣಿಯ ಪೈಪು ತಿರುಗಿಸಿದರೆ 60 ಚದರ ಮೀಟರಿನಿಂದ ವರ್ಷಕ್ಕೆ 37,000 ಲೀಟರ್ ಹಿಡಿಯಬಹುದು. ದಿನಕ್ಕೆ 540 ಲೀಟರ್ ಬಳಸುವ ನಾಲ್ಕು ಜನರಿಗೆ 68 ದಿನದ ನೀರು. ಮೊದಲ ಮಳೆಯ ಧೂಳುನೀರನ್ನು ಹೊರಬಿಡಲು ಒಂದು ಬದಿಯ ಕವಾಟ, ನಡುವೆ ಉಸುಕು-ಇದ್ದಿಲಿನ ಸೋಸುಪೆಟ್ಟಿಗೆ ಸಾಕು. ಎರೆ ಭೂಮಿಯಲ್ಲಿ ಸಂಪು ಸೋರದಂತೆ ನೋಡಿಕೊಳ್ಳಬೇಕು; ಸೋರಿದ ನೀರು ಒಂದೇ ಮೂಲೆಯ ಮಣ್ಣನ್ನು ಉಬ್ಬಿಸಿ ಆ ಮೂಲೆಯ ಗೋಡೆಯನ್ನು ಎತ್ತುತ್ತದೆ. ಬಚ್ಚಲ ನೀರಿಗೂ ಇದೇ ಎಚ್ಚರ. ಹಿತ್ತಲಲ್ಲಿ ಪಾಯದಿಂದ ಹತ್ತು-ಹನ್ನೆರಡು ಅಡಿ ದೂರ ಜಾಗವಿದ್ದರೆ ಬಾಳೆ, ಕೆಸುವಿನ ಬುಡಕ್ಕೆ ಬಿಡಬಹುದು. ಅಷ್ಟು ಜಾಗವಿಲ್ಲದ ಹುಬ್ಬಳ್ಳಿಯ ಸೈಟಿನಲ್ಲಿ ಅದನ್ನು ಗಟಾರಕ್ಕೆ ಬಿಡುವುದೇ ಸರಿ.